ಮೈಸೂರು–ಮಂಗಳೂರು ಹಾರಾಟ: ಇಪ್ಪತ್ತೈದು ನಿಮಿಷವೋ, ಒಂದು ಗಂಟೆಯೋ, ಅರ್ಧ ದಿನವೋ?

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 208 ಕಿ.ಮೀ. ವಿಮಾನಯಾನದವರ ಅಳತೆಯಲ್ಲಿ 112 ನಾಟಿಕಲ್ ಮೈಲಿ. ಪ್ರೊಪೆಲ್ಲರ್‌ನಿಂದ ಹಾರುವ ಸಣ್ಣ ಎಟಿಆರ್-72 ವಿಮಾನ ಪೂರ್ಣ ವೇಗ ಹಿಡಿದ ಮೇಲೆ ಗಂಟೆಗೆ ಸುಮಾರು 510 ಕಿ.ಮೀ. ಸಾಗುತ್ತದೆ. ಭಾಗಿಸಿ ನೋಡಿದರೆ ಇಪ್ಪತ್ತೈದು ನಿಮಿಷವೂ ತುಂಬುವುದಿಲ್ಲ. ಆದರೆ 2020ರ ಡಿಸೆಂಬರ್‌ನಲ್ಲಿ ಅಲಯನ್ಸ್ ಏರ್ ಸಂಸ್ಥೆ ಇದೇ ಎಟಿಆರ್ ವಿಮಾನದಿಂದ ಈ ಎರಡು ಊರುಗಳನ್ನು ಜೋಡಿಸಿದಾಗ, ವೇಳಾಪಟ್ಟಿಯಲ್ಲಿ ಹೊರಡುವುದಕ್ಕೂ ತಲುಪುವುದಕ್ಕೂ ನಡುವೆ ಇಟ್ಟದ್ದು ಹೆಚ್ಚುಕಡಿಮೆ ಒಂದು ಗಂಟೆ. ಆ ಸೇವೆ ವಾರದ ಎಲ್ಲ ದಿನವೂ ಇರಲಿಲ್ಲ, ಬಹುಕಾಲ ಬಾಳಲೂ ಇಲ್ಲ.

ಲೆಕ್ಕದ ಇಪ್ಪತ್ತೈದು ನಿಮಿಷ, ವೇಳಾಪಟ್ಟಿಯ ಒಂದು ಗಂಟೆ, ಪ್ರಯಾಣಿಕ ಮನೆಯಿಂದ ಮನೆಗೆ ತಲುಪಲು ತೆಗೆದುಕೊಳ್ಳುವ ಹೊತ್ತು, ಇವು ಮೂರೂ ಬೇರೆ ಬೇರೆ. ಹೊಸ ವಿಮಾನ ಮಾರ್ಗದ ಉದ್ಘಾಟನೆಯಲ್ಲಿ ಮಾತ್ರ ಮೂರನ್ನೂ ಒಂದೇ ಎಂಬಂತೆ ಮಾತನಾಡುವುದು ವಾಡಿಕೆ. ‘ಆರು ಗಂಟೆಯ ದಾರಿ ಇನ್ನು ಒಂದೇ ಗಂಟೆ’ ಎಂಬ ವಾಕ್ಯ ವೇದಿಕೆಯ ಹೂಮಾಲೆಯಷ್ಟೇ ಕಡ್ಡಾಯವಾಗಿದೆ. ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ಪ್ರಯಾಣದ ಕಾಲವನ್ನು ನಿರ್ಧರಿಸುವ ಸಂಗತಿಗಳಲ್ಲಿ ದೂರದ ಪಾಲು ತೀರ ಚಿಕ್ಕದು ಎಂಬುದು ಈ ಲೇಖನದ ವಾದ. ರನ್‌ವೇಯ ಉದ್ದ, ವಾರಕ್ಕೆ ಎಷ್ಟು ಹಾರಾಟ, ಸಂಜೆ ಹಿಂತಿರುಗಲು ವಿಮಾನ ಇದೆಯೇ, ನಡುವೆ ಬೆಂಗಳೂರಿನಲ್ಲಿ ಇಳಿದು ಹತ್ತಬೇಕೇ ಎಂಬ ಪ್ರಶ್ನೆಗಳೇ ಹೆಚ್ಚು ತೂಗುತ್ತವೆ.

ಮೊದಲು ಆ ಒಂದು ಗಂಟೆಯ ಒಳಗನ್ನು ಬಿಡಿಸಿ ನೋಡೋಣ. ನಿಂತ ವಿಮಾನದ ಗಾಲಿಗಳಿಗೆ ಅಡ್ಡ ಕೊಟ್ಟ ತಡೆಯನ್ನು ತೆಗೆದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಮತ್ತೆ ತಡೆ ಕೊಡುವವರೆಗಿನ ಕಾಲವನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಟಿಕೆಟ್ಟಿನ ಮೇಲೆ ಕಾಣುವುದು ಇದೇ. ಪ್ರಾದೇಶಿಕ ನಿಲ್ದಾಣಗಳಲ್ಲಿ ರನ್‌ವೇಗೆ ಸಮಾನಾಂತರವಾಗಿ ಉದ್ದಕ್ಕೂ ಟ್ಯಾಕ್ಸಿವೇ (ವಿಮಾನಗಳು ನೆಲದ ಮೇಲೆ ಸಾಗುವ ಪಕ್ಕದ ದಾರಿ) ಇರುವುದು ಕಡಿಮೆ. ಹಾಗಾಗಿ ವಿಮಾನ ಅನೇಕ ಸಲ ರನ್‌ವೇಯ ಮೇಲೆಯೇ ನಿಧಾನವಾಗಿ ತುದಿಯವರೆಗೆ ಸಾಗಿ, ಅಲ್ಲಿ ತಿರುಗಿ ನಿಂತು, ಆಮೇಲೆ ಓಟ ಶುರುಮಾಡಬೇಕು. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಸರದಿಯ ಕಾಯುವಿಕೆ ಹೊತ್ತು ತಿನ್ನುತ್ತದೆ. ಸಣ್ಣ ನಿಲ್ದಾಣದಲ್ಲಿ ಸರದಿ ಇರುವುದಿಲ್ಲ, ಆದರೆ ಈ ಹಿಂದುಮುಂದಿನ ಓಡಾಟ ಇರುತ್ತದೆ.

ನೆಲ ಬಿಟ್ಟ ಮೇಲೂ ವಿಮಾನ ತಕ್ಷಣ ವೇಗ ಹಿಡಿಯುವುದಿಲ್ಲ. ಏರುವಾಗಿನ ವೇಗ ಸಮತಟ್ಟಾಗಿ ಹಾರುವಾಗಿನ ವೇಗಕ್ಕಿಂತ ಬಹಳ ಕಡಿಮೆ. ಇಷ್ಟು ಚಿಕ್ಕ ದಾರಿಗೆ ಎಟಿಆರ್ ಹದಿನೈದು ಸಾವಿರ ಅಡಿಯ ಸುಮಾರಿಗೆ ಏರುತ್ತದೆ ಎಂದುಕೊಳ್ಳಿ. ಅಷ್ಟು ಏರುವಷ್ಟರಲ್ಲಿ ಅರವತ್ತೆಪ್ಪತ್ತು ಕಿ.ಮೀ. ಕಳೆದಿರುತ್ತದೆ. ಇಳಿಯುವುದಕ್ಕೆ ಪೈಲಟ್‌ಗಳು ಬಳಸುವ ಬಾಯಿಲೆಕ್ಕವೊಂದಿದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ. ಹದಿನೈದು ಸಾವಿರ ಅಡಿಗೆ 45 ನಾಟಿಕಲ್ ಮೈಲಿ, ಅಂದರೆ ಎಂಬತ್ತು ಕಿ.ಮೀ.ಗೂ ಹೆಚ್ಚು. ಏರಿಕೆ, ಇಳಿಕೆ ಎರಡನ್ನೂ 208ರಿಂದ ಕಳೆದರೆ ವಿಮಾನ ತನ್ನ ನಿಜವಾದ ವೇಗದಲ್ಲಿ ಸಾಗುವ ದೂರ ಅರವತ್ತು ಕಿ.ಮೀ. ಆಸುಪಾಸು ಉಳಿಯುತ್ತದೆ. ಮಡಿಕೇರಿಯ ಬೆಟ್ಟಗಳು ಕಿಟಕಿಯಲ್ಲಿ ಕಾಣಿಸುವಷ್ಟರಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳಿ ಎಂಬ ಸೂಚನೆ ಮತ್ತೆ ಬರುತ್ತದೆ.

ಕೊನೆಯ ಭಾಗ ಇನ್ನೂ ಅನಿಶ್ಚಿತ. ವಿಮಾನ ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿ ಇಳಿಯಬೇಕು. ಗಾಳಿಯ ದಿಕ್ಕು ಬದಲಾದರೆ ರನ್‌ವೇಯ ಮತ್ತೊಂದು ತುದಿಯಿಂದ ಬರಬೇಕು, ಅದಕ್ಕೆ ಸುತ್ತು ಹಾಕಬೇಕು, ಆ ಸುತ್ತಿಗೆ ಐದರಿಂದ ಹತ್ತು ನಿಮಿಷ. ಇದರ ಮೇಲೆ ವಿಮಾನ ಸಂಸ್ಥೆ ತನ್ನ ಮರ್ಯಾದೆ ಉಳಿಸಿಕೊಳ್ಳಲು ಒಂದಿಷ್ಟು ನಿಮಿಷಗಳನ್ನು ಸೇರಿಸಿಯೇ ವೇಳಾಪಟ್ಟಿ ಬರೆಯುತ್ತದೆ. ನಿಗದಿತ ಹೊತ್ತು ಮೀರಿ ಹದಿನೈದು ನಿಮಿಷದೊಳಗೆ ಬಂದರೂ ಅದನ್ನು ಸಮಯಪಾಲನೆ ಎಂದೇ ಎಣಿಸುತ್ತಾರೆ. ‘ಹತ್ತು ನಿಮಿಷ ಮೊದಲೇ ಇಳಿದಿದ್ದೇವೆ’ ಎಂದು ಗಗನಸಖಿ ಹೆಮ್ಮೆಯಿಂದ ಘೋಷಿಸುವಾಗ, ಆ ಹತ್ತು ನಿಮಿಷವನ್ನು ಮೊದಲೇ ನಮ್ಮ ಖಾತೆಗೆ ಖರ್ಚು ಹಾಕಿಟ್ಟಿದ್ದರು ಎಂಬುದನ್ನು ನೆನಪಿಡಬಹುದು.

ಇಷ್ಟೆಲ್ಲ ಸೇರಿಸಿದರೆ ಸಣ್ಣ ಮಾರ್ಗಗಳಿಗೆ ಒಂದು ಒರಟು ಸೂತ್ರ ಸಿಗುತ್ತದೆ: ದೂರವನ್ನು ವೇಗದಿಂದ ಭಾಗಿಸಿ, ಅದಕ್ಕೆ ಸುಮಾರು ಅರ್ಧ ಗಂಟೆ ಕೂಡಿಸಿ. ಮೈಸೂರು–ಮಂಗಳೂರಿಗೆ ಇಪ್ಪತ್ತೈದಕ್ಕೆ ಮೂವತ್ತು ಸೇರಿ ಐವತ್ತೈದು. ಬೆಂಗಳೂರು–ಕಲಬುರಗಿಯ ನೇರ ದೂರ ಸುಮಾರು 462 ಕಿ.ಮೀ.; ಎಟಿಆರ್ ವೇಗದಲ್ಲಿ ಐವತ್ನಾಲ್ಕಕ್ಕೆ ಮೂವತ್ತು ಸೇರಿ ಎಂಬತ್ತನಾಲ್ಕು ನಿಮಿಷ. ದೂರ ಎರಡು ಪಟ್ಟಿಗಿಂತ ಹೆಚ್ಚಾಯಿತು, ಕಾಲ ಬರೀ ಅರ್ಧ ಗಂಟೆ ಬೆಳೆಯಿತು. ಆ ಸ್ಥಿರವಾದ ಅರ್ಧ ಗಂಟೆ ಎಲ್ಲ ಹಾರಾಟಕ್ಕೂ ಕಟ್ಟಬೇಕಾದ ಸುಂಕ. ದೂರ ಕಡಿಮೆಯಿದ್ದಷ್ಟೂ ಆ ಸುಂಕ ದುಬಾರಿ ಅನ್ನಿಸುತ್ತದೆ.

ವಿಮಾನ ನೇರ ಗೆರೆಯಲ್ಲೂ ಹಾರುವುದಿಲ್ಲ. ಗೊತ್ತುಪಡಿಸಿದ ಬಿಂದುಗಳ ಮೂಲಕ, ಸೇನಾ ವಾಯುಪ್ರದೇಶಗಳನ್ನು ತಪ್ಪಿಸಿ ಸುತ್ತಿಕೊಂಡು ಸಾಗಬೇಕು. ಬೀದರ್‌ನಲ್ಲಂತೂ ನಾಗರಿಕ ಟರ್ಮಿನಲ್ ಇರುವುದೇ ವಾಯುಪಡೆಯ ತರಬೇತಿ ನೆಲೆಯಲ್ಲಿ. ಅಲ್ಲಿ ಯಾವ ಹೊತ್ತಿಗೆ ಹಾರಬಹುದು ಎಂಬುದು ಪ್ರಯಾಣಿಕರ ಅನುಕೂಲದಿಂದಷ್ಟೇ ತೀರ್ಮಾನವಾಗುವ ವಿಷಯವಲ್ಲ. ಗಾಳಿಯ ಬಗ್ಗೆ ಮಾತ್ರ ಜನರಿಗೆ ಇರುವ ಕಲ್ಪನೆ ಸ್ವಲ್ಪ ಉತ್ಪ್ರೇಕ್ಷೆಯದು. ಮುಂಗಾರಿನಲ್ಲಿ ಕರಾವಳಿಯ ಕಡೆ ಹಾರುವ ವಿಮಾನಕ್ಕೆ ಪಶ್ಚಿಮದ ಗಾಳಿ 40 ನಾಟ್ (ಗಂಟೆಗೆ 40 ನಾಟಿಕಲ್ ಮೈಲಿ) ವೇಗದಲ್ಲಿ ಎದುರಾದರೂ 112 ನಾಟಿಕಲ್ ಮೈಲಿಯ ಹಾದಿಯಲ್ಲಿ ಹೆಚ್ಚಾಗುವುದು ನಾಲ್ಕೈದು ನಿಮಿಷ. ಮುಂಗಾರು ತೊಂದರೆ ಕೊಡುವುದು ಗಾಳಿಯಿಂದಲ್ಲ, ಇಳಿಯುವ ಜಾಗದಲ್ಲಿ ಕಣ್ಣಿಗೆ ಏನೂ ಕಾಣದಂತೆ ಸುರಿಯುವ ಮಳೆಯಿಂದ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು, ಉದ್ದ 2,450 ಮೀಟರ್, ಎರಡೂ ತುದಿಯಾಚೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ಸತ್ತರು. ಆ ನೆನಪಿರುವ ಊರಿನಲ್ಲಿ ಪೈಲಟ್ ಇನ್ನೊಂದು ಸುತ್ತು ಹಾಕಿದ ಎಂದು, ಅಥವಾ ಬೆಂಗಳೂರಿಗೆ ಮರಳಿದ ಎಂದು ದೂರುವುದು ತಕ್ಕುದಲ್ಲ.

ಈಗ ರನ್‌ವೇಯ ವಿಚಾರ. ಮೈಸೂರಿನ ರನ್‌ವೇ 1,740 ಮೀಟರ್. ಎಟಿಆರ್‌ಗೆ ಅದು ಸಾಕು. ತುಂಬಿದ ಏರ್‌ಬಸ್ 320 ಅಥವಾ ಬೋಯಿಂಗ್ 737 ವಿಮಾನಗಳ ನಿತ್ಯದ ಸೇವೆಗೆ ಸಾಲದು. ಹಾಗಾಗಿ ಮೈಸೂರಿನಿಂದ ಎಲ್ಲಿಗೇ ಹೋದರೂ ಟರ್ಬೊಪ್ರಾಪ್ (ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ) ವೇಗದಲ್ಲಿಯೇ ಹೋಗಬೇಕು. ಚೆನ್ನೈಗೋ ಹೈದರಾಬಾದಿಗೋ ಹೋಗುವವರಿಗೆ ಇದರಿಂದ ಹೆಚ್ಚೇನೂ ನಷ್ಟವಿಲ್ಲ. ಮುಂಬೈ, ದೆಹಲಿ ಎಂದಾಗ ಎಟಿಆರ್ ಹೊಂದುವುದಿಲ್ಲ. ಊರಿನಿಂದ ಎಷ್ಟು ದೂರದವರೆಗೆ, ಎಷ್ಟು ಬೇಗ ಹಾರಬಹುದು ಎಂಬುದನ್ನು ನಕ್ಷೆಗಿಂತ ಮೊದಲು ನೆಲದ ಡಾಂಬರು ಹೇಳಿಬಿಡುತ್ತದೆ.

ಹಾಗಾದರೆ ನೆಲದ ದಾರಿ ಹೇಗಿದೆ? ಹುಣಸೂರು, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರು ದಾಟಿ ಮಂಗಳೂರು ಮುಟ್ಟುವ ರಸ್ತೆ ಸುಮಾರು 250 ಕಿ.ಮೀ. ನೇರ ಗೆರೆಗೆ ಹೋಲಿಸಿದರೆ ಐದನೇ ಒಂದು ಭಾಗವಷ್ಟೇ ಹೆಚ್ಚು. ದೂರದ ದೃಷ್ಟಿಯಿಂದ ವಿಮಾನಕ್ಕೆ ದೊಡ್ಡ ಲಾಭವೇನೂ ಇಲ್ಲ. ಆದರೆ ಬಸ್ಸಿಗೆ ಆರೇಳು ಗಂಟೆ ಬೇಕು, ಏಕೆಂದರೆ ನಡುವೆ ಸಂಪಾಜೆ ಘಟ್ಟ ಇದೆ. ರೈಲು ಹಾಸನ, ಸಕಲೇಶಪುರ ಸುತ್ತಿಕೊಂಡು ಸುಮಾರು 300 ಕಿ.ಮೀ. ಸಾಗುತ್ತದೆ, ರಾತ್ರಿಯೆಲ್ಲ ಹಿಡಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಅಲ್ಲಿ ರೈಲು ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಹೋಗುತ್ತದೆ ಎಂದರೆ ತೀರ ಅತಿಶಯೋಕ್ತಿಯಲ್ಲ.

ಮಳೆಗಾಲದಲ್ಲಿ ಈ ಲೆಕ್ಕವೂ ಮುರಿದುಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮಡಿಕೇರಿ–ಸಂಪಾಜೆ ರಸ್ತೆ ಕೊಚ್ಚಿಹೋಗಿ ದೀರ್ಘಕಾಲ ಸಂಚಾರ ನಿಂತಿತ್ತು. ಅದೇ ಮಳೆಗೆ ಶಿರಾಡಿಯೂ ಮುಚ್ಚಿತ್ತು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಕುಸಿದು ರೈಲುಗಳು ದಿನಗಟ್ಟಲೆ ರದ್ದಾದವು. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಅಂತರ ಆಷಾಢ ಶ್ರಾವಣದಲ್ಲಿ ಕಿಲೋಮೀಟರಿನಲ್ಲಿ ಅಳೆಯುವಂಥದ್ದಲ್ಲ. ಇಷ್ಟು ಚಿಕ್ಕ ದೂರಕ್ಕೆ ವಿಮಾನ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಬಯಲಿನಲ್ಲಿ 208 ಕಿ.ಮೀ.ಗೆ ವಿಮಾನ ಅನಗತ್ಯ, ಘಟ್ಟ ದಾಟಿಸುವ 208 ಕಿ.ಮೀ.ಗೆ ಅದು ಸಮರ್ಥನೀಯ. ಹುಬ್ಬಳ್ಳಿ–ಮಂಗಳೂರಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ನೇರ ದೂರ ಸುಮಾರು 266 ಕಿ.ಮೀ. ಇದ್ದರೆ, ಘಟ್ಟ ಇಳಿದು ಕರಾವಳಿ ಹಿಡಿದು ಸಾಗುವ ರಸ್ತೆ 350 ಕಿ.ಮೀ. ಸುಮಾರಿನದು.

ಆದರೂ ಮನೆಯಿಂದ ಮನೆಗೆ ಎಷ್ಟು ಉಳಿತಾಯ? ಮೈಸೂರಿನ ಒಳಗಿನಿಂದ ಮಂಡಕಳ್ಳಿಗೆ ಅರ್ಧ ಗಂಟೆ ಇಡಿ. ವಿಮಾನ ಹೊರಡುವ ಮುಕ್ಕಾಲು ಅಥವಾ ಒಂದು ಗಂಟೆ ಮೊದಲೇ ಚೆಕ್-ಇನ್ ಕೌಂಟರ್ ಮುಚ್ಚುವುದರಿಂದ ಅದಕ್ಕಿಂತ ಸ್ವಲ್ಪ ಮೊದಲೇ ಅಲ್ಲಿರಬೇಕು. ಒಂದೂಕಾಲು ಗಂಟೆ ಅನ್ನೋಣ. ಹಾರಾಟ ಒಂದು ಗಂಟೆ. ಇಳಿದು ಬ್ಯಾಗ್ ಪಡೆಯಲು ಕಾಲು ಗಂಟೆ. ಬಜ್ಪೆಯಿಂದ ಮಂಗಳೂರಿನ ಹಂಪನಕಟ್ಟೆಗೆ ಮುಕ್ಕಾಲು ಗಂಟೆ. ಕೂಡಿದರೆ ಮೂರೂಮುಕ್ಕಾಲು ಗಂಟೆ. ಬಸ್ಸಿನ ಆರೂವರೆ ಗಂಟೆಗೆ ಹೋಲಿಸಿದರೆ ಉಳಿದದ್ದು ಮೂರು ಗಂಟೆಗೆ ಸ್ವಲ್ಪ ಕಡಿಮೆ. ಇದು ಸಣ್ಣದಲ್ಲ. ಅದೇ ದಿನ ಕೆಲಸ ಮುಗಿಸಿ ಹಿಂತಿರುಗುವಂತಿದ್ದರೆ ಎರಡೂ ಕಡೆ ಸೇರಿ ಒಂದು ರಾತ್ರಿಯ ವಸತಿಯೇ ಉಳಿಯುತ್ತದೆ.

ತೊಡಕು ಇರುವುದು ಆ ‘ಇದ್ದರೆ’ಯಲ್ಲಿ. ವಾರಕ್ಕೆ ನಾಲ್ಕೇ ದಿನ, ಅದೂ ದಿನಕ್ಕೆ ಒಂದೇ ಸಲ, ನಡುಹಗಲಿನಲ್ಲಿ ವಿಮಾನ ಬಂದು ಹೋದರೆ ಮಂಗಳೂರಿನ ಆಸ್ಪತ್ರೆಗೆ ಹೊರಟವರಿಗೆ, ಮೈಸೂರಿನಲ್ಲಿ ಸಂದರ್ಶನ ಇರುವವರಿಗೆ ಅದರಿಂದ ಏನು ಪ್ರಯೋಜನ? ಮಂಗಳವಾರದ ಕೆಲಸಕ್ಕೆ ಭಾನುವಾರವೇ ಹೊರಟು ಬುಧವಾರ ಮರಳಬೇಕಾದರೆ ಪ್ರಯಾಣದ ಕಾಲ ಮೂರೂಮುಕ್ಕಾಲು ಗಂಟೆ ಎನ್ನುವುದು ಕಾಗದದ ಮಾತು. ಸಾರಿಗೆ ಯೋಜಕರು ಇದನ್ನೂ ಪ್ರಯಾಣದ ಕಾಲದ ಒಳಗೇ ಎಣಿಸುತ್ತಾರೆ: ನೀವು ಹೊರಡಬೇಕೆಂದ ಹೊತ್ತಿಗೂ ವಾಹನ ನಿಜವಾಗಿ ಹೊರಡುವ ಹೊತ್ತಿಗೂ ಇರುವ ಅಂತರ. ರಸ್ತೆ ಸಾರಿಗೆಯ ಬಸ್ಸು ನಿಧಾನ, ಆದರೆ ಈ ಅಂತರ ಅದಕ್ಕೆ ಗಂಟೆಯ ಲೆಕ್ಕದ್ದು. ಸಣ್ಣ ಊರಿನ ವಿಮಾನಕ್ಕೆ ಅದು ದಿನಗಳ ಲೆಕ್ಕದ್ದು. ವೇಗದಲ್ಲಿ ಗೆದ್ದ ವಿಮಾನ ಬಸ್ಸಿನ ಎದುರು ಸೋಲುವುದು ಇಲ್ಲೇ.

ಶಿವಮೊಗ್ಗದ ಅನುಭವ ಇದಕ್ಕೆ ಹೊಂದುತ್ತದೆ. ಸೋಗಾನೆಯಲ್ಲಿ ಮೂರು ಕಿ.ಮೀ. ಮೀರಿದ ರನ್‌ವೇ ಕಟ್ಟಿದರು, 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಇಳಿಯಿತು. ದೊಡ್ಡ ಜೆಟ್ ಇಳಿಯುವಷ್ಟು ಉದ್ದದ ರನ್‌ವೇಗೆ ಆರಂಭದಲ್ಲಿ ರಾತ್ರಿ ಇಳಿಯುವ ಸೌಲಭ್ಯ ಇರಲಿಲ್ಲ. ಮಂಜಿನಲ್ಲಿ ದಾರಿ ತೋರಿಸುವ ಉಪಕರಣವೂ ಇರಲಿಲ್ಲ. ಕಣ್ಣಳತೆಯಲ್ಲೇ ಇಳಿಯಬೇಕಾದ ಕಡೆ ಐದು ಕಿ.ಮೀ. ದೂರ ಸ್ಪಷ್ಟವಾಗಿ ಕಾಣಬೇಕು ಎಂಬುದು ನಿಯಮ. ಮಲೆನಾಡಿನ ಮುಂಜಾನೆ, ಅದರಲ್ಲೂ ಮಳೆಗಾಲದ ಮುಂಜಾನೆ, ಆ ನಿಯಮಕ್ಕೆ ಸೊಪ್ಪು ಹಾಕುವಂಥದ್ದಲ್ಲ. ವಿಮಾನ ರದ್ದಾದ ದಿನ ಪ್ರಯಾಣಿಕರು ಮತ್ತೆ ರೈಲು ನಿಲ್ದಾಣಕ್ಕೆ ಓಡಬೇಕು.

ಎರಡು ಸಣ್ಣ ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲದಾಗ ಸ್ಥಿತಿ ಇನ್ನೂ ವಿಚಿತ್ರ. ಬೆಳಗಾವಿಯ ಸಾಂಬ್ರಾದಿಂದ ಕಲಬುರಗಿ ನಿಲ್ದಾಣಕ್ಕೆ ನೇರ ದೂರ ಸುಮಾರು 296 ಕಿ.ಮೀ. ನಮ್ಮ ಸೂತ್ರದ ಪ್ರಕಾರ ಎಟಿಆರ್‌ಗೆ ಒಂದು ಗಂಟೆ ಐದು ನಿಮಿಷ. ಎರಡೂ ಕಂದಾಯ ವಿಭಾಗಗಳ ಕೇಂದ್ರಗಳು. ಒಂದೆಡೆ ಸುವರ್ಣ ವಿಧಾನಸೌಧ, ಇನ್ನೊಂದೆಡೆ ಹೈಕೋರ್ಟ್ ಪೀಠ. ಆದರೆ ನೇರ ವಿಮಾನ ಇಲ್ಲದಾಗ ಬೆಂಗಳೂರಿನ ಮೂಲಕ ಹೋಗಬೇಕು. ಬೆಳಗಾವಿ–ಬೆಂಗಳೂರು ಸುಮಾರು 444 ಕಿ.ಮೀ., ಅಲ್ಲಿಂದ ಕಲಬುರಗಿಗೆ 462. ಒಟ್ಟು 906 ಕಿ.ಮೀ. ಈಶಾನ್ಯಕ್ಕೆ ಹೋಗಬೇಕಾದವರು ಮೊದಲು ಆಗ್ನೇಯಕ್ಕೆ ಹೋಗಿ, ಅಲ್ಲಿಂದ ಉತ್ತರಕ್ಕೆ ಬಂದು, ಮೂರು ಪಟ್ಟು ದೂರ ಹಾರುತ್ತಾರೆ. ಎರಡು ಹಾರಾಟಕ್ಕೆ ಎರಡೂಮುಕ್ಕಾಲು ಗಂಟೆ, ನಡುವೆ ದೇವನಹಳ್ಳಿಯಲ್ಲಿ ಎರಡರಿಂದ ನಾಲ್ಕು ಗಂಟೆ ಕಾಯುವಿಕೆ, ಎರಡೂ ತುದಿಯಲ್ಲಿ ಮನೆ–ನಿಲ್ದಾಣಗಳ ನಡುವಿನ ಓಡಾಟಕ್ಕೆ ಇನ್ನೆರಡು ಗಂಟೆ. ಕೂಡಿಸಿದರೆ ವಿಜಯಪುರದ ಮೇಲೆ ಹಾದುಹೋಗುವ 350 ಕಿ.ಮೀ. ಮೀರಿದ ರಸ್ತೆಯ ಏಳೆಂಟು ಗಂಟೆಗೆ ಸಮವಾಗುತ್ತದೆ. ಖರ್ಚು ಮಾತ್ರ ಹಲವು ಪಟ್ಟು. ಚಳಿಗಾಲದ ಅಧಿವೇಶನಕ್ಕೆ ಕಲಬುರಗಿ ಕಡೆಯವರು ಕಾರು ಹತ್ತುವುದರಲ್ಲಿ ಯಾವ ಆಶ್ಚರ್ಯವೂ ಇಲ್ಲ.

ನೇರ ಮಾರ್ಗಗಳು ಏಕೆ ಬರುವುದಿಲ್ಲ, ಬಂದರೂ ಏಕೆ ನಿಲ್ಲುವುದಿಲ್ಲ? ಆ ಸ್ಥಿರ ಅರ್ಧ ಗಂಟೆಯ ಸುಂಕ ವಿಮಾನ ಸಂಸ್ಥೆಯ ಲೆಕ್ಕಪುಸ್ತಕದಲ್ಲೂ ಇದೆ. ಹೆಚ್ಚು ಇಂಧನ ಸುಡುವುದು ಏರುವಾಗ. ಗಾಲಿ, ಬ್ರೇಕ್, ಲ್ಯಾಂಡಿಂಗ್ ಗೇರ್ ಸವೆಯುವುದು ಇಳಿಯುವ ಸಲಗಳ ಲೆಕ್ಕದಲ್ಲಿ, ಹಾರಿದ ಕಿಲೋಮೀಟರಿನ ಲೆಕ್ಕದಲ್ಲಿ ಅಲ್ಲ. ನೆಲದ ಮೇಲೆ ನಿಂತಷ್ಟು ಹೊತ್ತು ವಿಮಾನಕ್ಕೆ ಗಳಿಕೆ ಇಲ್ಲ. 200 ಕಿ.ಮೀ. ಹಾರಾಟದ ವೆಚ್ಚ 400 ಕಿ.ಮೀ. ಹಾರಾಟದ ಅರ್ಧಕ್ಕಿಂತ ಬಹಳ ಹೆಚ್ಚು. ಆದರೆ 200 ಕಿ.ಮೀ.ಗೆ ಜನ ಬಸ್ಸಿನ ದರವನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ. 2016ರಲ್ಲಿ ರೂಪುಗೊಂಡ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಈ ಕೊರತೆಯನ್ನೇ ತುಂಬಿಕೊಡಲು ಬಂದದ್ದು. ಸುಮಾರು 500 ಕಿ.ಮೀ.ನ ಒಂದು ಗಂಟೆಯ ಹಾರಾಟಕ್ಕೆ ಒಂದಷ್ಟು ಸೀಟುಗಳಿಗೆ 2,500 ರೂಪಾಯಿ ಮಿತಿ, ದೂರ ಕಡಿಮೆಯಾದಂತೆ ಮಿತಿಯೂ ಕಡಿಮೆ. ನಷ್ಟ ತುಂಬಲು ಮೂರು ವರ್ಷ ಅನುದಾನ. ಮೂರು ವರ್ಷದಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬುದು ಎಣಿಕೆ.

ನಿಲ್ಲಲಿಲ್ಲ. ಮಹಾಲೇಖಪಾಲರ 2023ರ ವರದಿ ಪ್ರಕಾರ ಉಡಾನ್‌ನ ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದ್ದು 112. ಅನುದಾನದ ಅವಧಿಯ ಆಚೆಗೂ, 2023ರ ಮಾರ್ಚ್ ವೇಳೆಗೆ, ಉಳಿದಿದ್ದವು 54. ಮೈಸೂರು, ಬಳ್ಳಾರಿ ಬಳಿಯ ವಿದ್ಯಾನಗರ, ಬೀದರ್‌ಗಳಿಗೆ ಮೊದಮೊದಲ ಉಡಾನ್ ವಿಮಾನ ತಂದ ಟ್ರೂಜೆಟ್ ಸಂಸ್ಥೆಯೇ 2022ರಲ್ಲಿ ಹಾರಾಟ ನಿಲ್ಲಿಸಿತು. ಇದಕ್ಕೆ ವಿಮಾನ ಸಂಸ್ಥೆಗಳ ದುರಾಸೆಯೊಂದೇ ಕಾರಣ ಎನ್ನಲಾಗದು. ಒಂದೇ ಜನರನ್ನು ಎರಡು ನಿಲ್ದಾಣಗಳು ಹಂಚಿಕೊಳ್ಳಬೇಕಾದ ಕಡೆಯೂ ಇವೆ: ಹುಬ್ಬಳ್ಳಿ ಮತ್ತು ಬೆಳಗಾವಿ ನಿಲ್ದಾಣಗಳ ನಡುವಿನ ನೇರ ದೂರ ಬರೀ 74 ಕಿ.ಮೀ. ಕಾರಿನಲ್ಲಿ ಎರಡು ಗಂಟೆಯೊಳಗೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದಾಗ, ಪ್ರಯಾಣಿಕರು ಟಿಕೆಟ್ ಅಗ್ಗ ಇರುವ, ವಿಮಾನ ಹೆಚ್ಚು ಇರುವ ಕಡೆಗೆ ಹೋಗುತ್ತಾರೆ. ಆಗ ಇನ್ನೊಂದರಲ್ಲಿ ವಿಮಾನಗಳು ಇನ್ನಷ್ಟು ಕಡಿಮೆಯಾಗುತ್ತವೆ.

ಸರ್ಕಾರ ನಿಜಕ್ಕೂ ಈ ಊರುಗಳನ್ನು ಹತ್ತಿರ ತರಬೇಕೆಂದಿದ್ದರೆ, ಹೊಸ ಮಾರ್ಗಗಳ ಸಂಖ್ಯೆ ಎಣಿಸುವುದನ್ನು ಬಿಟ್ಟು, ಇರುವ ಕೆಲವೇ ಮಾರ್ಗಗಳಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಹಾರಾಟಕ್ಕೆ ಹಣ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ವಾರಕ್ಕೆ ಮೂರು ದಿನದ ಹತ್ತು ಮಾರ್ಗಗಳಿಗಿಂತ ದಿನಕ್ಕೆರಡು ಹಾರಾಟದ ಎರಡು ಮಾರ್ಗ ಮೇಲು. ಬೆಳಗಾವಿ–ಕಲಬುರಗಿಯಂಥ ಕಡೆ ಎಪ್ಪತ್ತು ಸೀಟಿನ ವಿಮಾನ ತುಂಬುವುದು ಕಷ್ಟ. ಇಪ್ಪತ್ತು ಸೀಟಿನ ಒಳಗಿನ ವಿಮಾನ, ಅಥವಾ ಬುರಣಾಪುರದಲ್ಲಿ ಕಟ್ಟಿರುವ ವಿಜಯಪುರದ ನಿಲ್ದಾಣವನ್ನೂ ಮುಟ್ಟಿಕೊಂಡು ಸಾಗುವ ಸರಣಿ ಹಾರಾಟ ಹೆಚ್ಚು ಹೊಂದೀತು. ಸರಣಿ ಹಾರಾಟದಲ್ಲಿ ಪ್ರತಿ ನಿಲುಗಡೆಗೂ ಅರ್ಧ ಗಂಟೆಯ ಸುಂಕ ಮತ್ತೆ ಕಟ್ಟಬೇಕು, ನಿಜ. ಆದರೂ ದೇವನಹಳ್ಳಿಯ ನಾಲ್ಕು ಗಂಟೆಗಿಂತ ಅದು ಅಗ್ಗ.

ಮೈಸೂರಿನ ರನ್‌ವೇಯನ್ನು 2,750 ಮೀಟರಿಗೆ ಬೆಳೆಸುವ ಯೋಜನೆ ಬಹಳ ವರ್ಷಗಳಿಂದ ಇದೆ. ಅದು ಮುಗಿದ ದಿನ ಏರ್‌ಬಸ್ ಮಂಡಕಳ್ಳಿಯಲ್ಲಿ ಇಳಿಯುತ್ತದೆ. ಆ ಏರ್‌ಬಸ್ ಗಂಟೆಗೆ 830 ಕಿ.ಮೀ. ವೇಗದ್ದಾದರೂ ಮಂಗಳೂರಿನ ಹಾದಿಯಲ್ಲಿ ಎಟಿಆರ್‌ಗಿಂತ ಉಳಿಸುವುದು ಬೆರಳೆಣಿಕೆಯ ನಿಮಿಷ, ಏಕೆಂದರೆ ಆ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. 180 ಸೀಟಿನ ವಿಮಾನವನ್ನು 208 ಕಿ.ಮೀ.ಗೆ ಸಂಸ್ಥೆಗಳು ಸಾಮಾನ್ಯವಾಗಿ ಕಳಿಸುವುದಿಲ್ಲ; ಮುಂಬೈಗೋ ದೆಹಲಿಗೋ ಕಳಿಸುತ್ತವೆ. ಮೈಸೂರಿನಿಂದ ದೆಹಲಿ ಮೂರು ಗಂಟೆಯ ಒಳಗೆ ಸಿಗುವ ಕಾಲಕ್ಕೂ ಮಂಗಳೂರಿಗೆ ಹೋಗುವವರು ಸಂಪಾಜೆ ಘಟ್ಟವನ್ನೇ ಇಳಿಯುತ್ತಿರುವ ಸಾಧ್ಯತೆ ಹೆಚ್ಚು.